ಹೊಡೆಯುವ ಹುಡುಗ, ಟೂ ಬಿಟ್ಟ ಗೆಳತಿಯರು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಉತ್ತರ ಕನ್ನಡದ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ರಾಥಮಿಕ ಶಾಲೆಯ ಮಕ್ಕಳ ಸಿಟ್ಟು, ಅಳು ಮತ್ತು ಸ್ನೇಹವನ್ನು ಕುರಿತಾಗಿವೆ. ಅವುಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಲಾಗಿದೆ. ಬರೆದವರ ಹೆಸರು ಮತ್ತು ಶಾಲೆಯ ವಿವರಗಳನ್ನು ಬೇಕೆಂದೇ ಕೈಬಿಡಲಾಗಿದೆ.

ಪ್ರಶ್ನೆ: ಕಡಲತಡಿಯ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಲಿ-ಕಲಿ (ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಗುಂಪುಗಳಲ್ಲಿ ಕುಳಿತು ಕಾರ್ಡುಗಳ ಮೂಲಕ ಕಲಿಯುವ ಪದ್ಧತಿ) ತರಗತಿ ನಡೆಸುತ್ತಿದ್ದೇನೆ. ಎರಡನೆಯ ತರಗತಿಯ ಹುಡುಗನೊಬ್ಬ ಜೂನ್, ಜುಲೈ ತಿಂಗಳಲ್ಲಿ ಚೆನ್ನಾಗಿಯೇ ಇದ್ದವನು, ಆಗಸ್ಟ್ ಕಳೆದ ಮೇಲೆ ಪಕ್ಕದವರ ಕಾರ್ಡು ಕಸಿದುಕೊಳ್ಳುತ್ತಾನೆ, ತಳ್ಳುತ್ತಾನೆ, ಹೊಡೆಯುತ್ತಾನೆ. ಏಕೆ ಎಂದು ಕೇಳಿದರೆ ನೆಲ ನೋಡುತ್ತ ನಿಲ್ಲುತ್ತಾನೆ. ಮನೆಮಾತು ಕೊಂಕಣಿ, ತಂದೆ ಬೋಟಿಗೆ ಹೋಗುವವರು. ಬೇರೆ ಪಾಲಕರಿಂದ ದೂರು ಬರುತ್ತಿದೆ. ಶಿಕ್ಷಿಸಬಾರದೆಂದು ಗೊತ್ತು, ಹಾಗಾದರೆ ಏನು ಮಾಡಬೇಕು? – ಶಿಕ್ಷಕಿ, ಕಾರವಾರ ತಾಲ್ಲೂಕು

ಉತ್ತರ: ಅಕ್ಕೋರೇ, ನೀವು ಬರೆದ ತಿಂಗಳುಗಳಲ್ಲಿಯೇ ಒಂದು ಸುಳಿವು ಇರಬಹುದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳು ಮನೆಯಲ್ಲಿದ್ದ ತಂದೆ ಆಗಸ್ಟ್ ಬಂದೊಡನೆ ಬೋಟು ಹತ್ತಿ ದಿನಗಟ್ಟಲೆ ಕಡಲಿನಲ್ಲಿ ಇರುವವರಾದರೆ, ಏಳು ವರ್ಷದ ಮಗುವಿಗೆ ಅದು ಸಣ್ಣ ಸಂಗತಿಯಲ್ಲ. ಇದೇ ಕಾರಣವೆಂದು ದೂರದಿಂದ ತೀರ್ಮಾನಿಸಲು ಬಾರದು. ಆದರೂ ಹುಡುಗನ ನಡತೆ ಕೆಟ್ಟಿತು ಎನ್ನುವ ಮೊದಲು, ಆ ಮನೆಯಲ್ಲಿ ಯಾವಾಗ ಏನು ಬದಲಾಯಿತು ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ. ತಾಯಿ ಮೀನು ಮಾರಲು ಹೋಗುವವರಾದರೆ ಬೆಳಿಗ್ಗೆ ಶಾಲೆಗೆ ಕರೆಸಬೇಡಿ. ಅವರಿಗೆ ಬಿಡುವಾಗುವ ಹೊತ್ತಿಗೆ ನೀವೇ ಹೋಗಿ, ದೂರಿನಿಂದ ಅಲ್ಲ, ಅವನು ಚೆನ್ನಾಗಿ ಮಾಡುವ ಒಂದು ಕೆಲಸವನ್ನು ಹೇಳಿ ಮಾತು ಆರಂಭಿಸಿ.

ಇನ್ನು ತರಗತಿಯ ವಿಷಯ. ಅವನು ಕಾರ್ಡು ಕಸಿದು ಪಕ್ಕದ ಹುಡುಗಿಯನ್ನು ತಳ್ಳಿದ ಆ ಗಳಿಗೆಯನ್ನೇ ತೆಗೆದುಕೊಳ್ಳೋಣ. ಮೊದಲು ಬಿದ್ದ ಹುಡುಗಿಯ ಬಳಿಗೆ ಹೋಗಿ, ಪೆಟ್ಟಾಯಿತೇ ಎಂದು ಕೇಳಿ, ಅವಳನ್ನು ಎಬ್ಬಿಸಿ ಕೂರಿಸಿ. ನೋವಾದವರ ಕಡೆಗೆ ಮೊದಲು ಹೋಗಬೇಕೆಂಬುದನ್ನು ಇಡೀ ತರಗತಿ ನಿಮ್ಮನ್ನು ನೋಡಿಯೇ ಕಲಿಯುತ್ತದೆ. ಹೊಡೆದರೆ ಅಕ್ಕೋರು ತನ್ನತ್ತ ಓಡಿಬರುತ್ತಾರೆ ಎಂಬ ಪಾಠವೂ ಅವನಿಗೆ ಸಿಗುವುದಿಲ್ಲ. ಆಮೇಲೆ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳಿ. ನಲಿ-ಕಲಿಯಲ್ಲಿ ನೀವು ಹೇಗೂ ಮಕ್ಕಳೊಂದಿಗೆ ನೆಲದಲ್ಲಿಯೇ ಕೂರುತ್ತೀರಿ. ‘ಏಕೆ ಹೊಡೆದೆ?’ ಎಂಬುದು ಆ ವಯಸ್ಸಿಗೆ ಉತ್ತರವಿಲ್ಲದ ಪ್ರಶ್ನೆ. ಅದರಲ್ಲಿ ಮಗುವಿಗೆ ಕೇಳಿಸುವುದು ಆಪಾದನೆ ಮಾತ್ರ. ಅದರ ಬದಲು ನೀವು ಕಂಡದ್ದನ್ನು ಹೇಳಿ: ‘ನಿನಗೆ ಆ ಕಾರ್ಡು ಬೇಕಿತ್ತು, ಅವಳು ಕೊಡಲಿಲ್ಲ, ಸಿಟ್ಟು ಬಂತು. ಸಿಟ್ಟು ಬರುತ್ತದೆ, ಪರವಾಗಿಲ್ಲ. ಆದರೆ ತಳ್ಳಲು ನಾನು ಬಿಡುವುದಿಲ್ಲ.’ ಇದನ್ನು ಕೊಂಕಣಿಯಲ್ಲಿಯೇ ಹೇಳಲು ಬಂದರೆ ಇನ್ನೂ ಒಳ್ಳೆಯದು. ‘ಕಿತೆಂ ಜಾಲೆಂ? ತುಕಾ ರಾಗ್ ಆಯ್ಲೊ?’ ಎಂದು ಮನೆಯ ಮಾತಿನಲ್ಲಿ ಕೇಳಿದಾಗ ಬಾಯಿ ಬಿಡುವ ಮಗು, ಕನ್ನಡದಲ್ಲಿ ಕೇಳಿದಾಗ ನೆಲ ನೋಡುತ್ತಿದ್ದುದು ಮೊಂಡುತನದಿಂದಲ್ಲ, ಪದ ಸಿಗದೆ ಎಂಬುದು ಆಗ ತಿಳಿಯುತ್ತದೆ. ನಿಮಗೆ ಕೊಂಕಣಿ ಬಾರದಿದ್ದರೆ ಸಿಟ್ಟು, ಹೆದರಿಕೆ, ಬೇಜಾರು, ನಾಚಿಕೆಗಳಿಗೆ ಅವರ ಮನೆಗಳಲ್ಲಿ ಏನೆನ್ನುತ್ತಾರೆಂದು ಬಿಸಿಯೂಟದ ಅಡುಗೆಯವರನ್ನು ಕೇಳಿ ಕಲಿತುಕೊಳ್ಳಿ.

ಒತ್ತಾಯದಿಂದ ‘ಸಾರಿ’ ಹೇಳಿಸುವ ಪದ್ಧತಿಯನ್ನು ದಯವಿಟ್ಟು ಬಿಟ್ಟುಬಿಡಿ. ಅದರಿಂದ ಮಗು ಕಲಿಯುವುದು ಬೇಗ ತಪ್ಪಿಸಿಕೊಳ್ಳುವ ಉಪಾಯವನ್ನು. ಚೆಲ್ಲಿದ ಕಾರ್ಡುಗಳನ್ನು ಅವಳೊಂದಿಗೆ ಹೆಕ್ಕಿ ತಟ್ಟೆಯಲ್ಲಿ ಜೋಡಿಸುವುದು, ಅವಳಿಗೆ ಕುಡಿಯಲು ನೀರು ತಂದುಕೊಡುವುದು ಮುಂತಾದ, ಕೈಯಿಂದ ಸರಿಪಡಿಸುವ ಕೆಲಸ ಕೊಡಿ. ಮನಸ್ಸು ತಣ್ಣಗಾದ ಮೇಲೆ ಮಾತು ತಾನಾಗಿ ಬರುವುದುಂಟು.

ಅವನು ಯಾವ ಕಾರ್ಡಿನ ಹೊತ್ತಿಗೆ ಹೊಡೆಯುತ್ತಾನೆಂಬುದನ್ನೂ ಕೆಲವು ದಿನ ಗಮನಿಸಿ ಗುರುತು ಹಾಕಿಕೊಳ್ಳಿ. ಕನ್ನಡದ ಕಾರ್ಡಿನಲ್ಲಿ ಸಿಕ್ಕಿಕೊಂಡಾಗಲೇ ಕೈ ಏಳುತ್ತಿದ್ದರೆ, ಅವನಿಗೆ ಬೇಕಾದದ್ದು ಬುದ್ಧಿವಾದವಲ್ಲ, ಶಿಕ್ಷಕರ ಸಂಪೂರ್ಣ ಸಹಾಯದ ಗುಂಪಿನಲ್ಲಿ ಕೆಲವು ದಿನ ಹೆಚ್ಚಿಗೆ ಕೂರುವ ಅವಕಾಶ. ನಲಿ-ಕಲಿಯ ಐದು ಗುಂಪುಗಳಲ್ಲಿ ಗೆಳೆಯರ ಸಹಾಯದ ಗುಂಪುಗಳೂ ಇರುವುದು ನಿಮಗೆ ದೊಡ್ಡ ಅನುಕೂಲ. ಲೆಕ್ಕದಲ್ಲಿ ಅವನು ಚುರುಕಾಗಿದ್ದರೆ ಒಂದನೆಯ ತರಗತಿಯ ಮಗುವೊಂದಕ್ಕೆ ಕಲ್ಲು, ಕಡ್ಡಿ ಎಣಿಸಲು ಕಲಿಸುವ ಹೊಣೆಯನ್ನು ಅವನಿಗೆ ವಹಿಸಿ. ‘ಹೊಡೆಯುವವನು’ ಎಂದು ಹೆಸರು ಪಡೆದ ಮಗುವಿಗೆ ತರಗತಿಯಲ್ಲಿ ಬೇರೊಂದು ಹೆಸರು ಸಿಗಬೇಕಾದರೆ, ಅದಕ್ಕೆ ತಕ್ಕ ಕೆಲಸವನ್ನು ನಾವೇ ಕೊಡಬೇಕು.

ಶಿಕ್ಷೆಯ ಕುರಿತು ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಎಲ್ಲರೆದುರು ನಿಲ್ಲಿಸಿ ಹೀಗಳೆಯುವುದು, ‘ಇವನ ಜೊತೆ ಯಾರೂ ಆಡಬೇಡಿ’ ಎನ್ನುವುದು ಕೂಡ ಮಗುವನ್ನು ಘಾಸಿಗೊಳಿಸುವ ಶಿಕ್ಷೆಗಳೇ. ದೂರು ತಂದ ಪಾಲಕರಿಗೆ ನೀವು ಏನು ಮಾಡುತ್ತಿದ್ದೀರೆಂಬುದನ್ನು ತಿಳಿಸಿ, ಅವನ ಮನೆಯ ಸಂಗತಿಯನ್ನು ಮಾತ್ರ ಹೇಳಬೇಡಿ. ವಾರದೊಳಗೆ ಎಲ್ಲ ಸರಿಹೋಗದು. ಹೊಡೆತಗಳ ನಡುವಿನ ಅಂತರ ಹೆಚ್ಚುತ್ತಿದ್ದರೆ ದಾರಿ ಸರಿಯಾಗಿದೆಯೆಂದು ತಿಳಿಯಿರಿ.

ಪ್ರಶ್ನೆ: ಮಳೆಗೆ ರಜೆ ಸಿಕ್ಕಿ ಸಿಕ್ಕಿ ಪಾಠವೇ ಹಿಂದೆ ಬೀಳುತ್ತಿದೆ. ಈಗ ‘ಭಾವನಾತ್ಮಕ ಬೆಳವಣಿಗೆ’ ಎಂದು ಇನ್ನೊಂದನ್ನು ಸೇರಿಸಿದರೆ ಓದು ಬರಹ ಏನಾಗಬೇಕು? – ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಅಂಕೋಲಾ

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದೇ. ಆದರೆ ಇವೆರಡೂ ಪರಸ್ಪರ ವಿರೋಧಿಗಳಲ್ಲ. 2011ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ 213 ಶಾಲಾ ಕಾರ್ಯಕ್ರಮಗಳನ್ನೂ 2.7 ಲಕ್ಷ ವಿದ್ಯಾರ್ಥಿಗಳನ್ನೂ ಪರಿಶೀಲಿಸಲಾಗಿತ್ತು. ಭಾವನೆಗಳನ್ನು ಗುರುತಿಸುವುದು, ಹತೋಟಿಯಲ್ಲಿಡುವುದು, ಇತರರೊಂದಿಗೆ ಹೊಂದಿಕೊಳ್ಳುವುದು ಮುಂತಾದವನ್ನು ಕಲಿತ ಮಕ್ಕಳ ಓದಿನ ಸಾಧನೆಯೂ ಕಲಿಯದವರಿಗಿಂತ 11 ಪರ್ಸೆಂಟೈಲ್ ಅಂಕಗಳಷ್ಟು, ಅಂದರೆ ನೂರು ಮಕ್ಕಳ ಸಾಲಿನಲ್ಲಿ ನಡುವಿನ ಮಗು ಸುಮಾರು 11 ಸ್ಥಾನ ಮುಂದೆ ಹೋದಷ್ಟು, ಮೇಲಿತ್ತು. ಅವು ಬಹುಪಾಲು ಅಮೆರಿಕದ ಶಾಲೆಗಳು. ಆದ್ದರಿಂದ ಅದೇ ಲೆಕ್ಕ ಅಂಕೋಲೆಗೂ ಅನ್ವಯಿಸುತ್ತದೆ ಎಂದು ನಾನು ಹೇಳುವುದಿಲ್ಲ. ಹೆದರಿದ ಮಗುವಿಗೆ ಮಗ್ಗಿ ನೆನಪಾಗುವುದಿಲ್ಲ ಎಂಬುದು ಮಾತ್ರ ಎಲ್ಲ ಊರುಗಳಲ್ಲಿಯೂ ನಿಜ.

ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರಿಂದ ಇದಕ್ಕೆಂದೇ ‘ಹ್ಯಾಪಿನೆಸ್’ ತರಗತಿಯನ್ನು ಆರಂಭಿಸಲಾಯಿತು. ಒಬ್ಬಿಬ್ಬರೇ ಶಿಕ್ಷಕರಿರುವ ನಮ್ಮ ಹಳ್ಳಿಯ ಶಾಲೆಗೆ ಪ್ರತ್ಯೇಕ ಪೀರಿಯಡ್ ಬೇಕಿಲ್ಲವೆಂಬುದು ನನ್ನ ಅಭಿಪ್ರಾಯ. ಬಿಸಿಯೂಟದ ಸಾಲು, ಆಟದ ತಂಡ ಆರಿಸುವ ರೀತಿ, ಜಗಳವಾದಾಗ ದೊಡ್ಡವರು ಆಡುವ ಮಾತು, ಇವೇ ಪಾಠ. ಎಸ್‌ಡಿಎಂಸಿಯವರಾಗಿ ನಿಮ್ಮ ಕೈಯಲ್ಲಿರುವ ಕೆಲಸವೊಂದಿದೆ: ಶಾಲೆಯಲ್ಲಿ ತಮಗೆ ಹೆದರಿಕೆಯಾಗುವ ಜಾಗ ಯಾವುದೆಂದು ಮಕ್ಕಳನ್ನು ಕೇಳಿ. ಚಿಲಕವಿಲ್ಲದ ಶೌಚಾಲಯ, ದೊಡ್ಡ ಹುಡುಗರು ನಿಲ್ಲುವ ನೀರಿನ ತೊಟ್ಟಿ, ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳದ ಕಾಲುಸಂಕ, ಹೀಗೆ ಉತ್ತರ ಬಂದರೆ ಮುಂದಿನ ಸಭೆಯಲ್ಲಿ ಮೊದಲು ಚರ್ಚಿಸಬೇಕಾದದ್ದು ಅದನ್ನೇ.

ಪ್ರಶ್ನೆ: ನಾಲ್ಕನೆಯ ತರಗತಿಯ ಮಗಳಿಗೆ ಇಬ್ಬರು ಗೆಳತಿಯರು ಟೂ ಬಿಟ್ಟಿದ್ದಾರೆ. ಊಟಕ್ಕೆ ಜೊತೆಯಲ್ಲಿ ಕೂರಿಸುವುದಿಲ್ಲವಂತೆ. ‘ಆಯೀ, ನಾನು ನಾಳೆ ಹೋಗುವುದಿಲ್ಲ’ ಎಂದು ರಾತ್ರಿ ಅಳುತ್ತಾಳೆ. ಆ ಮಕ್ಕಳ ಮನೆಗೆ ಹೋಗಿ ಮಾತನಾಡಲೇ? – ಒಬ್ಬ ತಾಯಿ, ಶಿರಸಿ

ಉತ್ತರ: ಈಗಲೇ ಹೋಗಬೇಡಿ. ಮಕ್ಕಳು ಬೆಳಿಗ್ಗೆ ಟೂ ಬಿಟ್ಟು ಮಧ್ಯಾಹ್ನ ಒಂದಾಗುತ್ತಾರೆ. ಅದರಲ್ಲಿ ದೊಡ್ಡವರು ಸೇರಿದರೆ ಮನೆ ಮನೆಗಳ ಮನಸ್ತಾಪವಾಗಿ ವರ್ಷಗಟ್ಟಲೆ ಉಳಿಯುತ್ತದೆ. ಆದರೆ ‘ಅಷ್ಟಕ್ಕೆಲ್ಲ ಅಳಬಾರದು’ ಎಂದೂ ಹೇಳಬೇಡಿ, ಏಕೆಂದರೆ ಒಂಬತ್ತು ವರ್ಷದವಳಿಗೆ ಊಟದ ಸಾಲಿನಲ್ಲಿ ಒಬ್ಬಳೇ ಕೂರುವುದು ನಿಜವಾಗಿಯೂ ದೊಡ್ಡ ದುಃಖ. ಅವಳು ಪೂರ್ತಿ ಹೇಳಿ ಮುಗಿಸುವವರೆಗೆ ಕೇಳಿಸಿಕೊಂಡು, ‘ನಿನಗೆ ಏನು ಮಾಡಿದರೆ ಅನುಕೂಲ ಅನ್ನಿಸುತ್ತದೆ?’ ಎಂದು ಅವಳಿಂದಲೇ ದಾರಿ ಹುಡುಕಿಸಿ. ಬೇರೆ ಯಾರ ಪಕ್ಕದಲ್ಲಿ ಕೂರಬಹುದು, ಅವರಲ್ಲಿ ಏನೆಂದು ಕೇಳಬೇಕು ಎಂಬುದನ್ನು ಮನೆಯಲ್ಲಿಯೇ ಒಮ್ಮೆ ಆಡಿ ನೋಡಿದರೂ ಉಪಯೋಗವಿದೆ.

ಗಮನಿಸಬೇಕಾದದ್ದು ಒಂದುಂಟು. ಇಬ್ಬರು ಸೇರಿ ಒಬ್ಬಳನ್ನೇ ಮತ್ತೆ ಮತ್ತೆ ಗುರಿಮಾಡಿ, ಬಣ್ಣ, ಜಾತಿ, ಬಟ್ಟೆ, ಮಾತಿನ ಧಾಟಿಗಳನ್ನು ಆಡಿಕೊಳ್ಳುತ್ತಿದ್ದರೆ ಅದು ಜಗಳವಲ್ಲ, ಪೀಡನೆ. ಅದನ್ನು ‘ನೀವೇ ಸರಿಮಾಡಿಕೊಳ್ಳಿ’ ಎಂದು ಮಕ್ಕಳಿಗೆ ಬಿಡಬಾರದು. ಆಗ ತಡಮಾಡದೆ ತರಗತಿ ಶಿಕ್ಷಕರನ್ನು ಖುದ್ದಾಗಿ ಕಂಡು, ನಡೆದ ಒಂದೆರಡು ಘಟನೆಗಳನ್ನು ದಿನದೊಂದಿಗೆ ಹೇಳಿ. ಶಿಕ್ಷಕರಲ್ಲಿ ನನ್ನ ವಿನಂತಿಯೆಂದರೆ, ಮೂವರನ್ನೂ ಎದುರಿಗೆ ನಿಲ್ಲಿಸಿ ವಿಚಾರಣೆ ನಡೆಸಬೇಡಿ. ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳಿ, ಊಟದ ಸಾಲಿನಲ್ಲಿ ಮತ್ತು ಗುಂಪು ಚಟುವಟಿಕೆಯಲ್ಲಿ ಜೋಡಿಗಳನ್ನು ಕೆಲವು ವಾರ ನೀವೇ ಬದಲಿಸುತ್ತಿರಿ. ಶಾಲೆಯಲ್ಲಿ ಹೇಳಿಯೂ ಪ್ರಯೋಜನವಾಗದೆ ಮಗು ಅಪಾಯದಲ್ಲಿದೆ ಎನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಬಹುದು. ಮಗುವೇ ಕರೆಮಾಡಿದರೂ ಮಾತನಾಡಿಸುತ್ತಾರೆ.

ಪ್ರಶ್ನೆ: ಒಂದನೆಯ ತರಗತಿಯ ಮೊಮ್ಮಗ ಶಾಲೆಯ ಬಾಗಿಲಲ್ಲಿ ನನ್ನ ಪಂಚೆ ಹಿಡಿದು ಅಳುತ್ತಾನೆ. ಅವನ ಗಮನ ಬೇರೆಡೆ ಇರುವಾಗ ಮೆಲ್ಲಗೆ ಜಾರಿಕೊಳ್ಳಲೇ? – ಅಜ್ಜ, ಹೊನ್ನಾವರ

ಉತ್ತರ: ಬೇಡ. ಕಣ್ತಪ್ಪಿಸಿ ಹೋದರೆ ಮರುದಿನ ಅವನ ಹಿಡಿತ ಇನ್ನೂ ಬಿಗಿಯಾಗುತ್ತದೆ. ‘ಊಟ ಆಗಿ, ಆಟ ಆಗಿ, ಗಂಟೆ ಹೊಡೆದಾಗ ಇದೇ ಮರದ ಕೆಳಗೆ ಇರುತ್ತೇನೆ’ ಎಂದು ದಿನವೂ ಒಂದೇ ಮಾತು ಹೇಳಿ ಹೊರಡಿ, ಗಂಟೆ ಹೊಡೆಯುವ ಮೊದಲೇ ಆ ಮರದ ಕೆಳಗೆ ನಿಂತಿರಿ. ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತಾರೆ. ಆಮೇಲೆಯೂ ಶಾಲೆಯ ದಿನಗಳಲ್ಲಿ ಮಾತ್ರ ಹೊಟ್ಟೆನೋವು ಎನ್ನುತ್ತಿದ್ದರೆ, ವೈದ್ಯರಿಗೆ ಒಮ್ಮೆ ತೋರಿಸಿ. ಯಾವ ದಿನ, ಯಾವ ಹೊತ್ತಿಗೆ ನೋವು ಹೇಳಿದನೆಂಬುದನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟು ಅವನ ಅಕ್ಕೋರಿಗೂ ತೋರಿಸಿ.