ಆಟ ಕಾಯುತ್ತೆ, ಸೇವ್ ಅಳಿಸ್ಬೇಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನ ಮೂರು ಸಲ ಓದ್ದೆ. ಬರೆದವರು ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕಲ್ಲ. ವಯಸ್ಸು ಮೂವತ್ತೊಂಬತ್ತು, ಇಬ್ಬರು ಮಕ್ಕಳು, ಬೆಳಗ್ಗೆಯಿಂದ ಸಂಜೆವರೆಗೂ ಕೆಲಸ. ಆಡೋದು ಸಿವಿಲೈಸೇಶನ್ 6, ಪ್ರಾಚೀನ ಕಾಲದಿಂದ ಸಾಮ್ರಾಜ್ಯ ಕಟ್ಕೊಂಡು ಬರೋ ಕಂಪ್ಯೂಟರ್ ಆಟ. ಅದರಲ್ಲಿ ಒಂದೊಂದು ಸರದಿಗೆ ಟರ್ನ್ ಅಂತಾರೆ, ನಿಲ್ಲಿಸಿದ ಆಟ ಉಳಿಸಿಟ್ಟಿದ್ದಕ್ಕೆ ಸೇವ್ ಅಂತಾರೆ. ಪತ್ರದ ಸಾರ ಇಷ್ಟು: "ಸಿವಿಲೈಸೇಶನ್ 6ರಲ್ಲಿ ಒಂದು ಆಟ ಶುರು ಮಾಡಿ ಎಂಟು ತಿಂಗಳಾಯ್ತು, ಇನ್ನೂ ಮಧ್ಯಯುಗ ದಾಟಿಲ್ಲ. ಮಕ್ಕಳು ಮಲಗಿದ ಮೇಲೆ ಕೂತ್ಕೋತೀನಿ, ಸೇವ್ ಓಪನ್ ಮಾಡಿದ್ರೆ ಹೋದ ಸಲ ಏನು ಮಾಡ್ತಿದ್ದೆ ಅನ್ನೋದೇ ನೆನಪಾಗಲ್ಲ, ಹತ್ತು ನಿಮಿಷ ಮ್ಯಾಪ್ ನೋಡಿ ಮುಚ್ಚಿಡ್ತೀನಿ. ಯಾವುದೋ ಊರಿನ ಮುಂದೆ ಕಲ್ಲು ಎಸೆಯೋ ಎರಡು ಕ್ಯಾಟಪಲ್ಟ್ ನಿಲ್ಸಿದೀನಿ, ಯಾಕೆ ಅಂತ ದೇವರಿಗೇ ಗೊತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇದನ್ನ ಅಳಿಸಿ ಫೋನಲ್ಲಿ ಐದು ನಿಮಿಷದ ಆಟ ಏನಾದ್ರೂ ಹಾಕ್ಕೊಳ್ಳೋದು ವಾಸಿ ಅನ್ಸುತ್ತೆ. ಈ ವಯಸ್ಸಿಗೆ ಇದೆಲ್ಲ ಬೇಕಾ?"

ಮೇಡಂ, ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡ್ತೀನಿ. ಬೇಕು. ಈ ವಯಸ್ಸಿಗೇ ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂದ್ರು ದೊಡ್ಡೋರು, ಒಪ್ಕೋತೀನಿ, ಆದ್ರೆ ಕಾಲೇ ಕತ್ತರಿಸ್ಕೊಳ್ಳಿ ಅಂತ ಯಾರೂ ಹೇಳಿಲ್ವಲ್ಲ.

ನಿಮ್ಮ ಮಾತಲ್ಲೂ ಸತ್ಯ ಇದೆ, ಇಲ್ಲ ಅನ್ನಲ್ಲ. ಚಿಕ್ಕ ಆಟಗಳಲ್ಲಿ ಬಹಳ ಒಳ್ಳೇವಿದಾವೆ. 2018ರಲ್ಲಿ ಬಂದ ಇನ್‌ಟು ದ ಬ್ರೀಚ್ ನೋಡಿ, ಎಂಟಕ್ಕೆ ಎಂಟು ಮನೆಗಳ ಹಾಸು, ಒಂದು ಕಾಳಗ ನಾಲ್ಕೈದು ಟರ್ನ್‌ಗೆ ಮುಗಿಯುತ್ತೆ, ಶತ್ರು ಮುಂದೆ ಯಾರಿಗೆ ಹೊಡೀತಾನೆ ಅಂತ ಮೊದಲೇ ತೋರಿಸಿಬಿಡುತ್ತೆ, ಉಳಿದಿದ್ದೆಲ್ಲ ನಿಮ್ಮ ತಲೆಗೆ ಬಿಟ್ಟಿದ್ದು. ಪಾಲಿಟೋಪಿಯಾ ಇದೆ, ಮೂವತ್ತು ಟರ್ನ್‌ನ ಆಟ, ಫೋನಲ್ಲೇ ಆಡ್ಬಹುದು. ಆಡಿ, ಚೆನ್ನಾಗಿದಾವೆ. ನಿದ್ದೆ ಕೆಟ್ಟು ಆಡ್ಬೇಡಿ ಅನ್ನೋದನ್ನೂ ಒಪ್ತೀನಿ, "ಇನ್ನೊಂದೇ ಟರ್ನ್" ಅಂತ ಬೆಳಗಿನ ಜಾವ ಮೂರು ಗಂಟೆ ಮಾಡಿದವರನ್ನ ನೋಡಿದೀನಿ, ಮಾರನೇ ದಿನ ಮಕ್ಕಳ ಮೇಲೆ ರೇಗಾಡೋ ಹಾಗಾದ್ರೆ ಯಾವ ಸಾಮ್ರಾಜ್ಯ ಕಟ್ಟಿ ಏನು ಬಂತು.

ಆದ್ರೆ ದೊಡ್ಡ ಆಟ ಕೊಡೋದನ್ನ ಚಿಕ್ಕ ಆಟ ಕೊಡಲ್ಲ. ಒಳ್ಳೇ ಆಟ ಅಂದ್ರೆ ಒಂದಾದ ಮೇಲೊಂದು ಕುತೂಹಲದ ನಿರ್ಧಾರಗಳು ಅಂತ ಸಿಡ್ ಮೆಯರ್ ಹೇಳಿದ್ದು ಎಲ್ಲರಿಗೂ ಗೊತ್ತಿರೋದೇ, 1991ರಲ್ಲಿ ಮೊದಲ ಸಿವಿಲೈಸೇಶನ್ ಮಾಡಿದವರು ಅವರೇ. ನಾನು ಇದಕ್ಕೆ ಒಂದು ಮಾತು ಸೇರಿಸ್ತೀನಿ, ಆ ನಿರ್ಧಾರಕ್ಕೆ ಹಣ್ಣಾಗೋಕೆ ಸಮಯ ಬೇಕು. ಹನ್ನೆರಡನೇ ಟರ್ನ್‌ನಲ್ಲಿ ನದಿ ಪಕ್ಕಕ್ಕೋ ಸಮುದ್ರದ ಕಡೆಗೋ ಅಂತ ಒದ್ದಾಡಿ ಕೊನೆಗೆ ನದಿ ಹತ್ರ ಊರು ಕಟ್ತೀರಿ, ಇನ್ನೂರನೇ ಟರ್ನ್‌ನಲ್ಲಿ ಹಡಗು ಬೇಕಾದಾಗ ಆ ಹನ್ನೆರಡನೇ ಟರ್ನ್ ನೆನಪಾಗುತ್ತಲ್ಲ, ಆ ನೆನಪಿಗೋಸ್ಕರ ನಾವು ಈ ಆಟ ಆಡೋದು. ಇಪ್ಪತ್ತು ವರ್ಷದವರಿಗೆ ಅದು ಬರೀ ಆಟ, ನಲವತ್ತರ ಹತ್ರ ಬಂದವರಿಗೆ, ಯಾವತ್ತೋ ತಗೊಂಡ ತೀರ್ಮಾನದ ಫಲ ಇವತ್ತು ಉಣ್ಣೋದು ಅಂದ್ರೆ ಏನು ಅಂತ ಮೈಗೇ ಗೊತ್ತಿರುತ್ತೆ. ಅದಕ್ಕೇ ಹೇಳಿದ್ದು, ಈ ವಯಸ್ಸಿಗೇ ಬೇಕು ಅಂತ.

ಎಂಟು ತಿಂಗಳು ಅಂತ ಬೇಜಾರು ಮಾಡ್ಕೊಂಡಿದೀರಲ್ಲ, ಒಂದು ಹಳೇ ಕಥೆ ಕೇಳಿ. 1824ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಚೆಸ್ ಕ್ಲಬ್‌ನವರೂ ಲಂಡನ್ ಚೆಸ್ ಕ್ಲಬ್‌ನವರೂ ಕಾಗದದಲ್ಲಿ ಪಂದ್ಯ ಶುರು ಮಾಡಿದ್ರು. ಒಂದು ನಡೆ ಬರೆದು ಅಂಚೆಗೆ ಹಾಕೋದು, ಕುದುರೆ ಗಾಡಿ ಮೇಲೆ ಅದು ಹೋಗೋದು, ಆ ಕಡೆಯವರು ಯೋಚಿಸಿ ಉತ್ತರ ಬರೆಯೋದು. ಐದು ಆಟ, ಮುಗಿದಿದ್ದು 1828ರಲ್ಲಿ, ಗೆದ್ದಿದ್ದು ಎಡಿನ್‌ಬರೋ. ಚೆಸ್ ಶುರು ಮಾಡೋ ಒಂದು ರೀತಿಗೆ ಸ್ಕಾಚ್ ಗೇಮ್ ಅನ್ನೋ ಹೆಸರು ನಿಂತಿದ್ದೇ ಆ ಪಂದ್ಯದಿಂದ. ಆ ನಾಲ್ಕು ವರ್ಷ ಅವರೇನು ಕೈಕಟ್ಟಿ ಕೂತಿರ್ಲಿಲ್ಲ, ಅವರಿಗೂ ಕೆಲಸ ಇತ್ತು, ಸಂಸಾರ ಇತ್ತು, ಆಟ ಒಂದು ಕಡೆ ತನ್ನ ಪಾಡಿಗೆ ತಾನು ನಡೀತಿತ್ತು. ನೀವು ವಾರಕ್ಕೆ ಒಂದೇ ಸಲ ಕೂತು ಇಪ್ಪತ್ತು ಟರ್ನ್ ಆಡಿದ್ರೂ ಸ್ಟ್ಯಾಂಡರ್ಡ್ ಸ್ಪೀಡ್‌ನ 500 ಟರ್ನ್ ಅರ್ಧ ವರ್ಷಕ್ಕೆ ಮುಗಿಯುತ್ತೆ, ಮ್ಯಾರಥಾನ್ ಅನ್ನೋ ಅತಿ ನಿಧಾನದ ಸ್ಪೀಡ್ ಹಾಕಿದ್ರೆ 1500, ಅಂದ್ರೆ ಒಂದೂವರೆ ವರ್ಷ. ನೀವು ಯಾವುದು ಹಾಕಿದೀರಿ ಅಂತ ಬರೆದಿಲ್ಲ, ಎಂಟು ತಿಂಗಳಿಗೆ ಮಧ್ಯಯುಗ ಅಂದ್ರೆ ಮ್ಯಾರಥಾನೇ ಇರ್ಬೇಕು, ಹಾಗಿದ್ರೆ ನೀವೇನೂ ಹಿಂದೆ ಬಿದ್ದಿಲ್ಲ, ದಾರೀಲೇ ಇದೀರಿ.

ನಿಮ್ಮ ತೊಂದರೆ ಸಮಯದ್ದು ಅಂತ ನೀವು ಅಂದ್ಕೊಂಡಿದೀರಿ. ನಿಮ್ಮ ಪತ್ರವನ್ನ ಮತ್ತೊಂದ್ಸಲ ನೀವೇ ಓದಿ ನೋಡಿ, ತೊಂದರೆ ನೆನಪಿಂದು. ಕೂರೋಕೆ ನಿಮಗೆ ಸಮಯ ಸಿಕ್ಕಿದೆ, ಕೂತಿದೀರಿ, ಕೂತ ಮೇಲೆ ಎಳೆ ಸಿಕ್ಕಿಲ್ಲ. ಚೆಸ್‌ನವರು ಇದಕ್ಕೂ ದಾರಿ ಮಾಡ್ಕೊಂಡಿದ್ರು. ಆಟ ರಾತ್ರಿಗೆ ಮುಗೀದೇ ಇದ್ರೆ ಮುಂದೂಡ್ತಿದ್ರು, ಆದ್ರೆ ಸುಮ್ನೆ ಎದ್ದು ಹೋಗೋ ಹಾಗಿರ್ಲಿಲ್ಲ. ಸರದಿ ಯಾರದ್ದೋ ಅವರು ತಮ್ಮ ಮುಂದಿನ ನಡೆ ಚೀಟೀಲಿ ಬರೆದು ಲಕೋಟೆಗೆ ಹಾಕಿ ಅಂಟಿಸಿ ತೀರ್ಪುಗಾರರ ಕೈಗೆ ಕೊಟ್ಟು ಹೋಗ್ಬೇಕು, ಮಾರನೇ ದಿನ ಆ ಲಕೋಟೆ ಒಡೆದೇ ಆಟ ಶುರು. 1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಅಮೆರಿಕದ ಫಿಶರ್, ಸೋವಿಯತ್ ದೇಶದ ಸ್ಪಾಸ್ಕಿ ವಿಶ್ವ ಚೆಸ್ ಪಟ್ಟಕ್ಕೆ ಆಡಿದ್ರಲ್ಲ, ಇಪ್ಪತ್ತೊಂದನೇ ಆಟ ಹಾಗೇ ನಿಂತಿತ್ತು, ಸ್ಪಾಸ್ಕಿ ನಡೆ ಬರೆದಿಟ್ಟು ಹೋದ್ರು, ಮಾರನೇ ದಿನ ಫೋನ್ ಮಾಡಿ ಸೋಲು ಒಪ್ಕೊಂಡ್ರು, ಫಿಶರ್ ವಿಶ್ವ ಚಾಂಪಿಯನ್ ಆಗಿದ್ದು ಆ ಒಂದು ಫೋನ್ ಕಾಲ್‌ನಿಂದ. ನನಗೆ ಅದರಲ್ಲಿ ಬಹಳ ಹಿಡಿಸೋದು ಆ ಲಕೋಟೆ. ಎದ್ದು ಹೋಗೋ ಮುಂಚೆ ಮುಂದಿಂದನ್ನ ತೀರ್ಮಾನ ಮಾಡಿ ಹೋಗೋದು.

ನೀವೂ ಅದನ್ನೇ ಮಾಡಿ. ಒಂದು ಸಣ್ಣ ನೋಟ್‌ಬುಕ್ ಇಟ್ಕೊಳ್ಳಿ, ಫೋನ್ ಬೇಡ, ಫೋನ್ ತೆಗೆದ್ರೆ ಇನ್ನೇನೋ ನೋಡ್ತೀರಿ. ಮುಗಿಸೋಕೆ ಐದು ನಿಮಿಷ ಮುಂಚೆ ಕೈ ನಿಲ್ಲಿಸಿ ಎರಡು ಸಾಲು ಬರೀರಿ. ಏನಾಯ್ತು ಅಂತ ಬರೀಬೇಡಿ, ಅದು ಮ್ಯಾಪ್‌ನಲ್ಲೇ ಕಾಣುತ್ತೆ, ಏನು ಮಾಡ್ಬೇಕು ಅಂತಿದ್ದೆ, ಯಾಕೆ, ಅದನ್ನ ಬರೀರಿ. "ಉತ್ತರದ ಊರಿಗೆ ಕೈ ಹಾಕಲ್ಲ, ಅವನು ಗೋಡೆ ಕಟ್ಟಿದಾನೆ, ಮೊದಲು ಕಬ್ಬಿಣ." ಇಷ್ಟು ಸಾಕು. ಸಿವಿಲೈಸೇಶನ್ 6ರಲ್ಲಂತೂ ಮ್ಯಾಪ್ ಮೇಲೇ ಪಿನ್ ಚುಚ್ಚಿ ಅದಕ್ಕೆ ಹೆಸರು ಬರೆಯೋ ಸೌಲಭ್ಯ ಇದೆ, ಎಷ್ಟೋ ಜನ ಅದನ್ನ ಒಂದ್ಸಲನೂ ಮುಟ್ಟಿರಲ್ಲ. ಇಲ್ಲಿ ಬಂದರು, ಇಲ್ಲಿಂದ ದಾಳಿ, ಈ ಗುಡ್ಡ ಬಿಡ್ಬೇಡ, ಹೀಗೆ ಚುಚ್ಚಿಡಿ, ಮೂರು ವಾರ ಆದ್ಮೇಲೆ ಬಂದ್ರೂ ಮ್ಯಾಪೇ ನಿಮ್ಮ ಜೊತೆ ಮಾತಾಡುತ್ತೆ.

ಇದು ಓದಿ ಕಲ್ತಿದ್ದಲ್ಲ. ಕೆಲವು ವರ್ಷದ ಹಿಂದೆ ನಾನು ಯೂರೋಪಾ ಯೂನಿವರ್ಸಾಲಿಸ್ 4 ಅನ್ನೋ ದೇಶ ಆಳೋ ಆಟದಲ್ಲಿ ಪೋರ್ಚುಗಲ್ ಹಿಡಿದು ಆಡ್ತಿದ್ದೆ. ಆ ಆಟ 1444ರ ನವೆಂಬರ್ 11ಕ್ಕೆ ಶುರು ಆಗುತ್ತೆ, 1821ರವರೆಗೆ ದಿನ ದಿನವಾಗಿ ಉರುಳುತ್ತೆ, ಸ್ಪೇಸ್ ಬಾರ್ ಒತ್ತಿದ್ರೆ ಕಾಲ ಅಲ್ಲೇ ನಿಲ್ಲುತ್ತೆ. ನಾನು 1500ರ ಕೊನೆಕೊನೆಗೆ ಬಂದಿದ್ದಾಗ ನಮ್ಮಪ್ಪ ಹಾಸಿಗೆ ಹಿಡಿದ್ರು. ಏಳು ತಿಂಗಳು ಲ್ಯಾಪ್‌ಟಾಪ್ ಕೆಲಸಕ್ಕೆ ಬಿಟ್ಟು ಇನ್ಯಾತಕ್ಕೂ ತೆಗೀಲಿಲ್ಲ. ಅಪ್ಪ ಹೋದ್ರು, ಕಾರ್ಯ ಎಲ್ಲ ಮುಗೀತು, ಒಂದು ರಾತ್ರಿ ನಿದ್ದೆ ಬರ್ದೇ ಸೇವ್ ತೆಗೆದೆ. ಹಡಗುಗಳು ಸಮುದ್ರದ ನಡುವೆ ಎಲ್ಲಿ ನಿಂತಿದ್ವೋ ಅಲ್ಲೇ ನಿಂತಿದ್ವು, ತಾರೀಖು ಅದೇ, ಯಾರೂ ನನ್ನನ್ನ ಎಲ್ಲಿ ಹೋಗಿದ್ದೆ ಅಂತ ಕೇಳ್ಲಿಲ್ಲ. ನೋಟ್‌ಬುಕ್‌ನಲ್ಲಿ ನನ್ನದೇ ಕೈಬರಹ, "ಮಲಾಕ್ಕಾ ಬಂದರು ಈಗ ಬೇಡ, ಮೊದಲು ಸಾಲ ತೀರ್ಲಿ." ಅದನ್ನ ಬರೆದ ದಿನ ಅಪ್ಪ ಚೆನ್ನಾಗಿದ್ರು, ಪಕ್ಕದ ರೂಮಲ್ಲಿ ಟಿವಿ ನೋಡ್ತಿದ್ರು. ಸ್ಪೇಸ್ ಬಾರ್ ಒತ್ತೋಕೆ ನನಗೆ ಬಹಳ ಹೊತ್ತು ಬೇಕಾಯ್ತು ಮೇಡಂ. ಒತ್ತಿದ್ಮೇಲೆ ಸಾಲ ತೀರಿಸ್ದೆ.

ಅದೇ ಏಳು ತಿಂಗಳಲ್ಲಿ ಫೋನಲ್ಲಿ ಒಂದು ಚಿಕ್ಕ ಆಟ ಇತ್ತು, ಹೆಸರು ಬೇಡ. ನೀವು ಈಗ ಹಾಕ್ಕೋತೀನಿ ಅಂತಿದೀರಲ್ಲ, ಅಂಥದ್ದೇ. ಅಪ್ಪನ ಹಾಸಿಗೆ ಪಕ್ಕ ಕೂತಿದ್ರೆ ಟಿಂಗ್ ಅನ್ನೋದು, ಮೇಸ್ತ್ರಿ ಖಾಲಿ ಕೂತಿದಾನೆ ಬನ್ನಿ, ಇವತ್ತಿನ ಬಹುಮಾನ ತಪ್ಪಿಸ್ಕೊಂಡ್ರಿ, ನಿಮ್ಮ ಕೋಟೆ ಲೂಟಿ ಆಯ್ತು. ಐದು ನಿಮಿಷದ ಆಟ ಅಂತಾರೆ, ದಿನಕ್ಕೆ ಎಂಟು ಸಲ ಐದು ನಿಮಿಷ ಅಂತ ಹೇಳಲ್ಲ. ದೊಡ್ಡ ಆಟ ಸಮಯ ತಿನ್ನುತ್ತೆ ಅಂತ ಬೈತೀರಿ, ಆದ್ರೆ ಅದು ನೀವು ಕೊಟ್ಟಾಗ ಮಾತ್ರ ತಿನ್ನುತ್ತೆ, ಮಿಕ್ಕ ಹೊತ್ತು ಬಾಯಿ ಮುಚ್ಕೊಂಡು ಕಾಯುತ್ತೆ. ನಮ್ಮ ಬದುಕಲ್ಲಿ ಹೀಗೆ ಸುಮ್ನೆ ಕಾಯೋ ವಸ್ತು ಇನ್ನೇನು ಉಳಿದಿದೆ ಹೇಳಿ? ಆಫೀಸಿನ ಮೆಸೇಜ್ ರಾತ್ರಿ ಹತ್ತಕ್ಕೆ ಬರುತ್ತೆ, ನೋಡಿದ್ರೆ ನೋಡಿದೀರಿ ಅಂತ ಅವರಿಗೆ ತಿಳಿಯುತ್ತೆ. ವಿಡಿಯೋ ಒಂದು ಮುಗಿಯೋ ಮುಂಚೆ ಇನ್ನೊಂದು ಶುರು ಆಗುತ್ತೆ. ಎಲ್ಲರೂ ನಮ್ಮ ದಿನವನ್ನ ಚೂರು ಚೂರು ಮಾಡಿ ಹಂಚ್ಕೊಂಡಿದಾರೆ, ಒಂದು ಇಡೀ ಗಂಟೆ ಒಂದೇ ವಿಷಯ ಯೋಚಿಸ್ತೀನಿ ಅಂತ ಹೊರಟ ಮನುಷ್ಯನಿಗೆ ಮಾತ್ರ, ಈ ವಯಸ್ಸಿಗೆ ಇದೆಲ್ಲ ಬೇಕಾ ಅಂತ ನಾಚಿಕೆ ಆಗೋ ಹಾಗೆ ಮಾಡಿಟ್ಟಿದಾರೆ.

ಆ ನಾಚಿಕೆ ಮೇಲೆ ನನಗೆ ಸಿಟ್ಟಿದೆ. ದಿನಕ್ಕೆರಡು ಗಂಟೆ ಧಾರಾವಾಹಿ ನೋಡೋರನ್ನ ಯಾರೂ ಕೇಳಲ್ಲ, ಕ್ರಿಕೆಟ್‌ಗೆ ಇಡೀ ಭಾನುವಾರ ಕೊಟ್ರೆ ಯಾರೂ ಕೇಳಲ್ಲ. ಆಟ ಮಾರೋ ಸ್ಟೀಮ್ ಅನ್ನೋ ತಾಣದಲ್ಲಿ ಆಟದ ಪಕ್ಕ ಇಷ್ಟು ಗಂಟೆ ಆಡಿದೀರಿ ಅಂತ ಲೆಕ್ಕ ತೋರಿಸುತ್ತಲ್ಲ, ನಾನೂರು ಗಂಟೆ ಅಂತ ನೋಡಿ ಗಾಬರಿ ಆದವರು ನನಗೆ ಎಷ್ಟೋ ಸಲ ಬರೆದಿದಾರೆ. ಹತ್ತು ವರ್ಷದಲ್ಲಿ ನೀವು ಹಾಡು ಕೇಳಿದ್ದು ಎಷ್ಟು ಗಂಟೆ, ಯಾರಾದ್ರೂ ಲೆಕ್ಕ ಇಟ್ಟಿದಾರಾ?

ಇನ್ನು ಮುಗಿಸೋದರ ಚಿಂತೆ. ಶುರು ಮಾಡಿದ ಆಟವನ್ನ ಬಹಳ ಜನ ಕೊನೆ ಮುಟ್ಟಿಸಲ್ಲ ಅಂತ ಸಿವಿಲೈಸೇಶನ್ ಮಾಡೋರಿಗೇ ಗೊತ್ತು, 2025ರಲ್ಲಿ ಬಂದ ಏಳನೇ ಆವೃತ್ತೀಲಿ ಆಟವನ್ನ ಮೂರು ಯುಗವಾಗಿ ಕತ್ತರಿಸಿದ್ದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಅದೂ ಒಂದು. ಒಂದೊಂದು ಯುಗಕ್ಕೂ ಒಂದು ನಿಲುಗಡೆ ಸಿಗುತ್ತೆ, ಬ್ಯುಸಿ ಇರೋರಿಗೆ ಅನುಕೂಲ ಅನ್ನೋದನ್ನ ಒಪ್ತೀನಿ. ಆದ್ರೂ ನನ್ನ ಮನಸ್ಸು ಇರೋದು ಇನ್ನೊಬ್ಬನ ಕಡೆ. 2012ರಲ್ಲಿ ಒಬ್ಬ ಆಟಗಾರ, ಸಿವಿಲೈಸೇಶನ್ 2ರ ಒಂದೇ ಆಟವನ್ನ ಹತ್ತು ವರ್ಷದಿಂದ ಆಗಾಗ ಆಡ್ತಾ ಬಂದಿದೀನಿ ಅಂತ ಇಂಟರ್‌ನೆಟ್‌ನಲ್ಲಿ ಬರೆದ. ಆಟದೊಳಗೆ ಕ್ರಿ.ಶ. 3991 ಆಗಿತ್ತು, ಉಳಿದಿದ್ದು ಮೂರೇ ದೇಶ, ಮೂರಕ್ಕೂ ಮುಗಿಯದ ಯುದ್ಧ. ಅವನ ಸೇವ್ ತಗೊಂಡು ಎಷ್ಟೋ ಜನ, ನಾನು ಶಾಂತಿ ತರ್ತೀನಿ ನೋಡು ಅಂತ ಕೂತ್ರು. ಹತ್ತು ವರ್ಷ ಮುಗಿಸದೇ ಇದ್ದಿದ್ದಕ್ಕೇ ಅವನ ಆಟ ಜಗತ್ತಿಗೆಲ್ಲ ಗೊತ್ತಾಯ್ತು.

ಒಂದು ಮಾತ್ರ ಕೇಳ್ಕೋತೀನಿ, ಹಠ ಅಂತ ಅಂದ್ಕೊಂಡ್ರೂ ಸರಿ. ರಿಯಲ್ ಟೈಮ್ ಆಟಗಳು, ಅಂದ್ರೆ ಸರದಿ ಇಲ್ದೇ ಎಲ್ಲರೂ ಒಟ್ಟಿಗೇ ಆಡೋವು, ಆನ್‌ಲೈನ್‌ನಲ್ಲಿ ಸದ್ಯಕ್ಕೆ ಬೇಡ, ಏಜ್ ಆಫ್ ಎಂಪೈರ್ಸ್ ಥರದ್ದು, ಮಗು ಎದ್ದು ಅತ್ರೆ ನಲವತ್ತು ನಿಮಿಷದ ಮ್ಯಾಚ್ ನಡುವೆ ಎದ್ದು ಹೋಗೋಕಾಗಲ್ಲ, ಹೋದ್ರೆ ಜೊತೆಗಿರೋರಿಗೆ ಮೋಸ. ಸರದಿ ಪ್ರಕಾರ ಆಡೋ ಟರ್ನ್ ಬೇಸ್ಡ್ ಹಿಡ್ಕೊಳ್ಳಿ. ಒಂದು ಸಲಕ್ಕೆ ಒಂದೇ ಆಟ, ಸೇಲ್ ಇದೆ ಅಂತ ಇನ್ನೊಂದು ಕೊಳ್ಳೋದು ಬೇಡ. ವಾರಕ್ಕೆ ಒಂದು ರಾತ್ರಿ ಮನೆಯವರಿಗೆ ಮೊದಲೇ ಹೇಳಿ ನಿಮ್ಮದು ಅಂತ ಇಟ್ಕೊಳ್ಳಿ, ಕದ್ದು ಆಡ್ಬೇಡಿ, ಕದ್ದು ಆಡಿದ್ರೆ ಆಟದ ರುಚೀನೂ ಹೋಗುತ್ತೆ. ದೊಡ್ಡ ಮಗುವಿಗೆ ಮ್ಯಾಪ್ ತೋರಿಸಿ, ಈ ಬೆಟ್ಟದ ಆಚೆ ಏನಿರ್ಬಹುದು ಅಂತ ಕೇಳಿ ನೋಡಿ.

ಆ ಎರಡು ಕ್ಯಾಟಪಲ್ಟ್ ವಿಷಯ. ಗೋಡೆ ಇರೋ ಊರನ್ನ ಕತ್ತಿಯವರು ಎಷ್ಟು ಬಡಿದ್ರೂ ಗೋಡೆ ಅಷ್ಟು ಸುಲಭಕ್ಕೆ ಬೀಳಲ್ಲ, ಅದಕ್ಕೇ ನೀವು ಕ್ಯಾಟಪಲ್ಟ್ ತಂದಿದ್ದು. ಆದ್ರೆ ಕ್ಯಾಟಪಲ್ಟ್ ಗೋಡೆ ಒಡೆಯುತ್ತೆ, ಊರು ಹಿಡಿಯಲ್ಲ, ಒಳಗೆ ನುಗ್ಗೋಕೆ ಕಾಲಾಳೋ ಕುದುರೆಯವರೋ ಬೇಕೇ ಬೇಕು. ಇಷ್ಟು ವರ್ಷ ಆಡಿದ ನಿಮಗೆ ಅದು ಗೊತ್ತಿಲ್ದೇ ಇರಲ್ಲ, ಅಂದ್ರೆ ನೀವು ಯಾರನ್ನೋ ಕಾಯ್ತಿದ್ರಿ. ಕ್ಯಾಟಪಲ್ಟ್‌ನಿಂದ ನಿಮ್ಮ ರಾಜಧಾನಿ ಕಡೆಗೆ ದಾರಿ ಹಿಡಿದು ನಿಧಾನಕ್ಕೆ ಮ್ಯಾಪ್ ಸರಿಸಿ ನೋಡಿ. ಮಲಗಿರು ಅಂತ ಸ್ಲೀಪ್ ಕೊಟ್ಟು ಮರೆತ ಸ್ವೋರ್ಡ್ಸ್‌ಮನ್, ಅಂದ್ರೆ ಕತ್ತಿಯವನು ಒಬ್ಬ ಆ ದಾರೀಲಿ ಎಲ್ಲೋ ನಿಂತಿರ್ತಾನೆ. ಸಿಕ್ಕಿದ್ರೆ ಬರೀರಿ, ಊರಿನ ಹೆಸರೂ ಬರೀರಿ.