ಫಿಲ್ಟರ್ ಜಾಗದಲ್ಲೇ ಸ್ಟೀರಿಂಗ್ ಶಾಫ್ಟ್: ಯಾವ ರಿಮೋಟ್ ಅಡಾಪ್ಟರ್ ಹಾಕಲಿ?

ಪ್ರಶ್ನೆ: ಸರ್, ನನ್ನ ಹಳೆಯ ಪಿಕಪ್‌ಗೆ ಬೇರೆ ಗಾಡಿಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್ ಕೂರಿಸುತ್ತಿದ್ದೇನೆ. ಮೌಂಟ್, ಗೇರ್‌ಬಾಕ್ಸ್ ಎಲ್ಲ ಸರಿಹೋಯಿತು. ಆದರೆ ಆಯಿಲ್ ಫಿಲ್ಟರ್ ಇರುವ ಕಡೆಯೇ ಸ್ಟೀರಿಂಗ್ ಶಾಫ್ಟ್ ಹಾದುಹೋಗುತ್ತದೆ. ಎರಡರ ನಡುವೆ ಒಂದು ಬೆರಳೂ ತೂರುವುದಿಲ್ಲ. ರಿಮೋಟ್ ಅಡಾಪ್ಟರ್ ಹಾಕಿ ಫಿಲ್ಟರನ್ನು ಚಾಸಿ ಮೇಲೆ ಕೂರಿಸೋಣ ಅಂತಿದ್ದೇನೆ. ನೋಡಿದರೆ ಎಲ್ಲ ಅಡಾಪ್ಟರ್‌ಗಳೂ ಒಂದೇ ಥರ ಕಾಣುತ್ತವೆ. ಯಾವುದನ್ನು ಆರಿಸಲಿ? ಆಯಿಲ್ ಪ್ರೆಶರ್ ಬೀಳುತ್ತದೆ ಅಂತಾರೆ, ನಿಜವೇ?

ಉತ್ತರ: ನಿಮಗೆ ರಿಮೋಟ್ ಅಡಾಪ್ಟರ್ ಬೇಡದೆಯೂ ಇರಬಹುದು. ಮೊದಲು ಅದನ್ನು ನೋಡೋಣ.

ಈಗ ಫಿಲ್ಟರ್ ನೇರವಾಗಿ ಇಂಜಿನ್ ಬ್ಲಾಕ್‌ಗೆ ಕೂತಿದೆ. ಅಲ್ಲಿ ಸೋರಬಹುದಾದ ಜಾಗ ಒಂದೇ, ಫಿಲ್ಟರಿನ ರಬ್ಬರ್ ರಿಂಗ್. ರಿಮೋಟ್ ಕಿಟ್ ಅಂದರೆ ಬ್ಲಾಕ್‌ಗೆ ಕೂರುವ ಅಡಾಪ್ಟರ್, ಚಾಸಿ ಮೇಲೆ ಫಿಲ್ಟರನ್ನು ಹಿಡಿಯುವ ಹೆಡ್, ಇವೆರಡನ್ನು ಸೇರಿಸುವ ಎರಡು ಹೋಸ್. ಅದನ್ನು ಹಾಕಿದ ಮೇಲೆ ಎಷ್ಟಾಗುತ್ತದೆ ಎಣಿಸಿ. ಬ್ಲಾಕ್ ಹತ್ತಿರ ಒಂದು ರಿಂಗ್, ಫಿಲ್ಟರ್ ಹತ್ತಿರ ಒಂದು ರಿಂಗ್. ಅಡಾಪ್ಟರಿಗೂ ಫಿಲ್ಟರ್ ಹೆಡ್‌ಗೂ ತಿರುಗಿಸುವ ಫಿಟ್ಟಿಂಗ್ ನಾಲ್ಕು. ಅವಕ್ಕೆ ಹೋಸಿನ ನಟ್ ಕೂರುವ ಜಾಗ ನಾಲ್ಕು. ಹೋಸ್ ತನ್ನ ತುದಿಯೊಳಗೆ ಸೇರುವ ಜಾಗ ಮತ್ತೆ ನಾಲ್ಕು. ಒಟ್ಟು ಹದಿನಾಲ್ಕು! ಇದರಲ್ಲಿ ಒಂದು ಕೈಕೊಟ್ಟರೂ ಸಂಪ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಖಾಲಿಯಾಗಲು ಜಾಸ್ತಿ ಹೊತ್ತು ಬೇಡ.

ಹಾಗಾಗಿ ಎರಡು ದಾರಿ ಮೊದಲು ನೋಡಿ. ಅದೇ ಥ್ರೆಡ್, ಅದೇ ಅಳತೆಯ ರಬ್ಬರ್ ರಿಂಗ್ ಇರುವ ಗಿಡ್ಡ ಫಿಲ್ಟರ್ ಸಿಗುತ್ತದಾ? ಇಲ್ಲವಾದರೆ ಫಿಲ್ಟರನ್ನು 90 ಡಿಗ್ರಿ ತಿರುಗಿಸಿ ಕೂರಿಸುವ ಎಲ್ ಆಕಾರದ ಅಡಾಪ್ಟರ್ ಆಗುತ್ತದಾ? ಅದಕ್ಕೆ ಹೋಸ್ ಬೇಡ, ಸೋರುವ ಜಾಗವೂ ಒಂದೆರಡು ಮಾತ್ರ ಹೆಚ್ಚಾಗುತ್ತದೆ. ಜಾಗ ಅಳೆಯುವಾಗ ಇಂಜಿನ್ ಸುಮ್ನೆ ನಿಂತಿರುವುದಿಲ್ಲ ಅನ್ನೋದು ನೆನಪಿರಲಿ. ಆಕ್ಸಿಲರೇಟರ್ ಒತ್ತಿದಾಗ ಅದು ಮೌಂಟ್ ಮೇಲೆ ಪಕ್ಕಕ್ಕೆ ವಾಲುತ್ತದೆ. ಸ್ಟೀರಿಂಗ್ ಶಾಫ್ಟ್ ವಿಷಯದಲ್ಲಿ "ಈಗ ತಾಗುತ್ತಿಲ್ಲವಲ್ಲ" ಅನ್ನೋದು ಸಾಲದು. ಫಿಲ್ಟರ್ ಬಿಚ್ಚಿ ಹೊರತೆಗೆಯಲೂ ಜಾಗ ಬೇಕು.

ಎರಡೂ ಆಗದಿದ್ದರೆ ರಿಮೋಟ್ ಕಿಟ್ಟೇ ಗತಿ. ಅದರಲ್ಲಿ ಎಲ್ಲಕ್ಕಿಂತ ಮುಖ್ಯ ಬ್ಲಾಕ್ ಕಡೆಯ ಥ್ರೆಡ್. ಇಲ್ಲೇ ಜನ ಎಡವೋದು. ಹೋಂಡಾ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಎಂ20×1.5 (20 ಮಿ.ಮೀ. ವ್ಯಾಸ, ಥ್ರೆಡ್‌ಗಳ ನಡುವೆ 1.5 ಮಿ.ಮೀ.) ಇರುತ್ತದೆ. ಟೊಯೋಟಾ, ಫೋರ್ಡ್‌ಗಳ ಅನೇಕ ಇಂಜಿನ್‌ಗಳಲ್ಲಿ 3/4-16 (ಮುಕ್ಕಾಲು ಇಂಚು ವ್ಯಾಸ, ಇಂಚಿಗೆ 16 ಥ್ರೆಡ್). ಇಂಚಿನ ಲೆಕ್ಕದ ಈ 3/4 ಅಂದರೆ 19.05 ಮಿ.ಮೀ. ಇನ್ನೊಂದು 20 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಎಂ20 ಅಡಾಪ್ಟರನ್ನು 3/4-16 ಸ್ಟಡ್ (ಫಿಲ್ಟರ್ ತಿರುಗಿಸಿ ಕೂರಿಸುವ, ಬ್ಲಾಕಿನಿಂದ ಚಾಚಿದ ಥ್ರೆಡ್ ತುಂಡು) ಮೇಲೆ ತಿರುಗಿಸಿದರೆ ಸಲೀಸಾಗಿ ಹತ್ತಿದ ಹಾಗೆ ಅನ್ನಿಸುತ್ತದೆ. ಪೂರ್ತಿ ಬಿಗಿಯುವ ಮೊದಲು ಹಿಡಿದು ಅಲ್ಲಾಡಿಸಿ, ಲಟಲಟ ಅನ್ನುತ್ತದೆ. ಹಾಗೇ ಬಿಗಿದುಬಿಟ್ಟರೆ ಥ್ರೆಡ್‌ನ ತುದಿಗಳು ಮಾತ್ರ ಕಚ್ಚಿಕೊಂಡಿರುತ್ತವೆ. ಒಂದು ದಿನ ಬೆಳಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದಾಗ ಪ್ರೆಶರ್ ಏರಿ ಅಡಾಪ್ಟರೇ ಕಿತ್ತುಕೊಂಡು ಬರಬಹುದು.

ಇಂಜಿನ್ ಹೆಸರು ನೋಡಿ ಥ್ರೆಡ್ ಊಹಿಸುವುದೂ ಬೇಡ. ಜನರಲ್ ಮೋಟರ್ಸ್‌ನ ಎಲ್ಎಸ್ ಇಂಜಿನ್‌ಗಳನ್ನೇ ನೋಡಿ. ಮೊದಲು ಬಂದವಕ್ಕೆ 13/16-16 ಇತ್ತು, ಆಮೇಲೆ ಬಂದವಕ್ಕೆ ಎಂ22×1.5. ವರ್ನಿಯರ್ ಕ್ಯಾಲಿಪರ್‌ನಿಂದ ಸ್ಟಡ್ ಅಳೆಯಿರಿ, ಪಿಚ್ ಗೇಜ್ (ಥ್ರೆಡ್‌ಗಳ ನಡುವಿನ ಅಂತರ ನೋಡುವ ಸಾಧನ) ಇಟ್ಟು ನೋಡಿ. ಐದು ನಿಮಿಷದ ಕೆಲಸ.

ಥ್ರೆಡ್ ಆದ ಮೇಲೆ ರಿಂಗ್. ಅಡಾಪ್ಟರಿನ ರಬ್ಬರ್ ರಿಂಗ್ ಬ್ಲಾಕಿನ ನುಣುಪಾದ ಮುಖದ ಮೇಲೆ ಪೂರ್ತಿ ಕೂರಬೇಕು. ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಹಳೆಯ ಫಿಲ್ಟರಿನ ರಿಂಗ್ ಬ್ಲಾಕ್‌ಗೆ ಅಂಟಿಕೊಂಡಿದ್ದರೆ ಮೊದಲು ತೆಗೆಯಿರಿ. ಅಡಾಪ್ಟರಿನ ರಿಂಗ್‌ಗೆ ತೆಳ್ಳಗೆ ಗ್ರೀಸ್ ಸವರಿ, ಕೈಯಲ್ಲಿ ಬಿಗಿದು, ಬಿಚ್ಚಿ. ಬ್ಲಾಕ್ ಮೇಲೆ ಎಲ್ಲೂ ತುಂಡಾಗದ ಉಂಗುರ ಮೂಡಿರಬೇಕು. ಒಂದು ಕಡೆ ಉಂಗುರ ಅಂಚಿನಿಂದ ಆಚೆ ಹೋಗಿದ್ದರೆ ಆ ಅಡಾಪ್ಟರ್ ನಿಮ್ಮ ಇಂಜಿನ್‌ಗೆ ಅಲ್ಲ. ಸೀಲೆಂಟ್ ಬಳಿದು ಸರಿಮಾಡಲು ಹೋಗಬೇಡಿ.

ಇನ್ನು ಆಯಿಲ್ ಹರಿಯುವ ದಿಕ್ಕು. ಫಿಲ್ಟರಿನ ಸುತ್ತ ಇರುವ ಸಣ್ಣ ತೂತುಗಳಿಂದ ಆಯಿಲ್ ಒಳಗೆ ಹೋಗಿ, ಕಾಗದದ ಮೂಲಕ ಸೋಸಿ, ನಡುವಿನ ದೊಡ್ಡ ತೂತಿನಿಂದ ವಾಪಸ್ ಬರುತ್ತದೆ. ಬ್ಲಾಕ್ ಅಡಾಪ್ಟರಿನ 'ಔಟ್' ಬಾಯಿ ಫಿಲ್ಟರ್ ಹೆಡ್‌ನ 'ಇನ್' ಬಾಯಿಗೆ ಹೋಗಬೇಕು. ಇದನ್ನು ಒಮ್ಮೆ ನಾನೇ ತಿರುವುಮುರುವು ಮಾಡಿದ್ದೆ. ಆಯಿಲ್ ಇಳಿದುಹೋಗದ ಹಾಗೆ ತಡೆಯಲು ಫಿಲ್ಟರಿನೊಳಗೆ ಒಂದು ರಬ್ಬರ್ ವಾಲ್ವ್ ಇರುತ್ತದೆ. ಹಿಂದಿನಿಂದ ಬಂದ ಆಯಿಲ್‌ಗೆ ಅದು ಬಾಗಿಲು ಮುಚ್ಚಿ ಕೂತಿತು. ಪುಣ್ಯಕ್ಕೆ ಸ್ಟಾರ್ಟ್ ಮಾಡಿರಲಿಲ್ಲ, ಬರೀ ಸ್ಟಾರ್ಟರ್ ತಿರುಗಿಸುತ್ತಿದ್ದೆ. ಪ್ರೆಶರ್ ಲೈಟ್ ಆರಲೇ ಇಲ್ಲ. ಸೆನ್ಸರ್ ಫಿಲ್ಟರಿನ ಆಚೆ ಬದಿಯಲ್ಲಿ ಇದ್ದದ್ದಕ್ಕೆ ಗೊತ್ತಾಯಿತು. ಪಂಪ್ ಬದಿಯಲ್ಲಿದ್ದಿದ್ದರೆ ಗೇಜ್ ಭರ್ಜರಿ ಪ್ರೆಶರ್ ತೋರಿಸುತ್ತಿತ್ತು, ಬೇರಿಂಗ್‌ಗಳು ಮಾತ್ರ ಒಣಗಿರುತ್ತಿದ್ದವು. ಅಡಾಪ್ಟರ್ ಮೇಲೆ ಗುರುತು ಇಲ್ಲದಿದ್ದರೆ ಬಾಯಿಯೊಳಗೆ ಗಾಳಿ ಊದಿ ನೋಡಿ. ಗಾಳಿ ನಡುವಿನ ತೂತಿನಿಂದ ಬರುತ್ತದೋ, ಸುತ್ತಲ ಜಾಗದಿಂದ ಬರುತ್ತದೋ ತಿಳಿಯುತ್ತದೆ. ಬ್ಲಾಕ್ ಅಡಾಪ್ಟರಿನಲ್ಲಿ ಸುತ್ತಲ ಜಾಗಕ್ಕೆ ಸೇರಿದ್ದೇ ಪಂಪಿನಿಂದ ಬರುವ ಆಯಿಲ್.

ಪ್ರೆಶರ್ ಬೀಳುವ ಮಾತು ನಿಜವೇ, ಆದರೆ ತಪ್ಪು ಅಡಾಪ್ಟರಿನದ್ದಲ್ಲ. ಸಣ್ಣ ಹೋಸ್, ಉದ್ದದ ಹೋಸ್, ಚೂಪಾದ ತಿರುವು, ಇವೇ ಕಾರಣ. ಹೋಸ್, ಫಿಟ್ಟಿಂಗ್‌ಗಳ ಅಳತೆಯನ್ನು ಎಎನ್ ಸಂಖ್ಯೆಯಲ್ಲಿ ಹೇಳುತ್ತಾರೆ. ಎಎನ್-8 ಹೋಸಿನ ಒಳಗಿನ ಅಳತೆ ಸುಮಾರು 11 ಮಿ.ಮೀ., ಎಎನ್-10 ಹೋಸಿನದು ಸುಮಾರು 14. ಮೂರು ಮಿ.ಮೀ. ಏನು ಮಹಾ ಅನ್ನಿಸುತ್ತದೆ, ಅಲ್ವಾ? ಆದರೆ ಆಯಿಲ್‌ನಂಥ ದಪ್ಪ ದ್ರವ ನಿಧಾನಕ್ಕೆ ಹರಿಯುವಾಗ ಪ್ರೆಶರ್ ನಷ್ಟ ವ್ಯಾಸದ ನಾಲ್ಕನೇ ಘಾತದ ಲೆಕ್ಕದಲ್ಲಿ ಬದಲಾಗುತ್ತದೆ. ಅಷ್ಟೇ ಆಯಿಲ್, ಅಷ್ಟೇ ಉದ್ದ ಅಂದುಕೊಂಡರೂ ಸಣ್ಣ ಹೋಸಿನಲ್ಲಿ ನಷ್ಟ ಎರಡೂವರೆ ಪಟ್ಟಿಗಿಂತ ಜಾಸ್ತಿ. ಉದ್ದ ಎರಡು ಪಟ್ಟಾದರೆ ನಷ್ಟವೂ ಎರಡು ಪಟ್ಟು. ಹಾಗಾಗಿ ಎಎನ್-10 ಹಾಕಿ. ತಿರುವು ಬೇಕಾದ ಕಡೆ ಪೈಪ್ ಬಗ್ಗಿಸಿ ಮಾಡಿದ ಎಲ್ಬೋ ತೆಗೆದುಕೊಳ್ಳಿ. ಒಳಗೆ ಎರಡು ತೂತು ಕೊರೆದು ಮೂಲೆಯಲ್ಲಿ ಸೇರಿಸಿದ ಗಟ್ಟಿ ಎಲ್ಬೋ ಬೇಡ.

ಬ್ಲಾಕ್ ಅಡಾಪ್ಟರಿನ ಬಾಯಿಗಳು ಯಾವ ಕಡೆಗೆ ಮುಖ ಮಾಡಿರುತ್ತವೆ ಅನ್ನೋದನ್ನೂ ನೋಡಿಕೊಳ್ಳಿ. ನಿಮ್ಮ ಗಾಡಿಯಲ್ಲಿ ಅವು ಮುಂದಕ್ಕೋ ಹಿಂದಕ್ಕೋ ತಿರುಗಿರಬೇಕು. ನೇರ ಹೊರಕ್ಕೆ ಚಾಚಿದ್ದರೆ ಫಿಲ್ಟರಿನ ಬದಲು ಫಿಟ್ಟಿಂಗ್ ಹೋಗಿ ಶಾಫ್ಟ್‌ಗೆ ತಾಗುತ್ತದೆ.

ಫಿಲ್ಟರ್ ಹೆಡ್‌ಗೆ ಬ್ಲಾಕಿನ ಥ್ರೆಡ್ಡೇ ಇರಬೇಕೆಂದಿಲ್ಲ. ಸುಲಭವಾಗಿ ಸಿಗುವ ಫಿಲ್ಟರ್ ಮೊದಲು ಆರಿಸಿ, ಅದಕ್ಕೆ ತಕ್ಕ ಹೆಡ್ ತೆಗೆದುಕೊಳ್ಳಿ. ಆದರೆ ಬೈಪಾಸ್ ವಾಲ್ವ್ ಮರೆಯಬೇಡಿ. ಫಿಲ್ಟರ್ ಕಟ್ಟಿಕೊಂಡಾಗ ಸೋಸದ ಆಯಿಲನ್ನಾದರೂ ಬಿಡುವ ವಾಲ್ವ್ ಇದು. ಕೆಲವು ಇಂಜಿನ್‌ಗಳಲ್ಲಿ ಇದು ಬ್ಲಾಕಿನ ಕಡೆ ಇರುತ್ತದೆ, ಕೆಲವಕ್ಕೆ ಫಿಲ್ಟರಿನೊಳಗೆ. ಬ್ಲಾಕ್ ಕಡೆಯ ವಾಲ್ವನ್ನು ಅಡಾಪ್ಟರ್ ಮುಚ್ಚಿಬಿಟ್ಟರೆ ಬೈಪಾಸ್ ಇರುವ ಫಿಲ್ಟರ್ ಅಥವಾ ಹೆಡ್ ಬೇಕೇ ಬೇಕು.

ಹೆಡ್ ಕೂರಿಸುವಾಗ ಫಿಲ್ಟರಿನ ಬಾಯಿ ಮೇಲಕ್ಕಿರಲಿ. ಆಗ ನಿಲ್ಲಿಸಿಟ್ಟ ಗಾಡಿಯಲ್ಲೂ ಫಿಲ್ಟರ್ ತುಂಬಿರುತ್ತದೆ. ಸೈಲೆನ್ಸರ್ ಪೈಪಿನಿಂದ ದೂರ, ಕಲ್ಲು ಬಡಿಯದ ಎತ್ತರ. ಹೋಸ್ ಬಿಗಿಯಾಗಿ ಎಳೆದ ಹಾಗೆ ಇರಬಾರದು, ಇಂಜಿನ್ ಅಲುಗಾಡುತ್ತದೆ, ಚಾಸಿ ಅಲುಗಾಡುವುದಿಲ್ಲ.

ಪ್ರಶ್ನೆ: ಕಿಟ್ ಜೊತೆ ಬಂದ ಹೋಸ್ ಬದಲು ರೇಡಿಯೇಟರ್ ಹೀಟರ್ ಹೋಸ್ ಹಾಕಿ ಕ್ಲಿಪ್ ಬಿಗಿದರೆ ಆಗಲ್ವಾ? ಫಿಟ್ಟಿಂಗ್‌ಗಳಿಗೆ ಟೆಫ್ಲಾನ್ ಟೇಪ್ ಸುತ್ತಬಹುದಾ?

ಉತ್ತರ: ಹೀಟರ್ ಹೋಸ್ ಬೇಡವೇ ಬೇಡ. ಅದು ನೀರಿಗೆ ಮಾಡಿದ್ದು. ಬಿಸಿ ಆಯಿಲ್ ಅದರ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ತಣ್ಣಗಿನ ಇಂಜಿನ್‌ನಲ್ಲಿ ಆಯಿಲ್ ಪ್ರೆಶರ್ 80 ಪಿಎಸ್ಐ ದಾಟುವುದು ಅಪರೂಪವಲ್ಲ. ಕ್ಲಿಪ್ ಅದನ್ನು ಹಿಡಿದಿಡುತ್ತದೆ ಅಂತ ನಂಬಿ ನಾನಂತೂ ಗಾಡಿ ಓಡಿಸಲಾರೆ. ಆಯಿಲ್‌ಗೆಂದೇ ಮಾಡಿದ, ಪ್ರೆಶರ್ ಮತ್ತು ಬಿಸಿಯ ಮಿತಿ ಬರೆದಿರುವ ಹೋಸ್ ತನ್ನಿ.

ಟೇಪ್ ವಿಷಯ ಫಿಟ್ಟಿಂಗ್ ಮೇಲೆ ನಿಂತಿದೆ. ಎಎನ್ ಫಿಟ್ಟಿಂಗ್‌ನಲ್ಲಿ 37 ಡಿಗ್ರಿ ಇಳಿಜಾರಿನ ಎರಡು ಲೋಹದ ಮುಖಗಳೇ ಒಂದಕ್ಕೊಂದು ಒತ್ತಿ ಸೋರಿಕೆ ತಡೆಯುತ್ತವೆ, ಅಲ್ಲಿ ಟೇಪಿಗೆ ಕೆಲಸವಿಲ್ಲ. ಓ-ರಿಂಗ್ ಇರುವ ಬಾಯಿಗೂ ಬೇಡ. ಎನ್‌ಪಿಟಿ ಅನ್ನುವ ಮೊನಚು ಥ್ರೆಡ್‌ಗೆ ಮಾತ್ರ ಸೀಲೆಂಟ್ ಬೇಕು. ಅಲ್ಲೂ ನಾನು ಟೇಪ್ ಬದಲು ಪೇಸ್ಟ್ ಹಚ್ಚುತ್ತೇನೆ, ಮೊದಲ ಎರಡು ಸುತ್ತು ಬಿಟ್ಟು. ಟೇಪಿನ ಎಳೆ ಹರಿದು ವಾಪಸ್ ಹೋಗುವ ಹೋಸಿನೊಳಗೆ ಬಿದ್ದರೆ, ಮುಂದೆ ಅದನ್ನು ಸೋಸಲು ಫಿಲ್ಟರ್ ಇಲ್ಲ, ನೇರ ಬೇರಿಂಗ್‌ಗೇ. ಅರ್ಧ ಇಂಚಿನ ಎನ್‌ಪಿಟಿಗೂ ಬಿಎಸ್‌ಪಿ ಅನ್ನುವ ಇನ್ನೊಂದು ಬಗೆಯ ಪೈಪ್ ಥ್ರೆಡ್‌ಗೂ ಇಂಚಿಗೆ 14 ಥ್ರೆಡ್ಡೇ. ಆದರೆ ಥ್ರೆಡ್ಡಿನ ಕೋನ ಒಂದರದು 60 ಡಿಗ್ರಿ, ಇನ್ನೊಂದರದು 55. ಒಂದರೊಳಗೆ ಒಂದು ಹತ್ತುತ್ತದೆ, ಆಮೇಲೆ ಸೋರುತ್ತದೆ. ಸೋರಿತೆಂದು ಇನ್ನಷ್ಟು ಬಿಗಿದರೆ ಅಲ್ಯೂಮಿನಿಯಂ ಅಡಾಪ್ಟರ್ ಸೀಳುತ್ತದೆ.

ಪ್ರಶ್ನೆ: ರಿಮೋಟ್ ಕಿಟ್ ಹಾಕಿದ ಮೇಲೆ ಆಯಿಲ್ ಎಷ್ಟು ಜಾಸ್ತಿ ಬೇಕು?

ಉತ್ತರ: 14 ಮಿ.ಮೀ. ಹೋಸ್ ಒಂದು ಮೀಟರ್‌ಗೆ ಸುಮಾರು 150 ಮಿ.ಲೀ. ಹಿಡಿಯುತ್ತದೆ. ಮುಕ್ಕಾಲು ಮೀಟರಿನ ಎರಡು ಹೋಸ್ ಆದರೆ ಕಾಲು ಲೀಟರ್‌ಗೆ ಸ್ವಲ್ಪ ಕಡಿಮೆ. ಫಿಲ್ಟರ್ ದೊಡ್ಡದಾಗಿದ್ದರೆ ಅದರದ್ದೂ ಸೇರಿಸಿ. ಫಿಲ್ಟರಿಗೂ ಹೋಸಿಗೂ ಮೊದಲೇ ಆಯಿಲ್ ತುಂಬಿ ಜೋಡಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್ ಮತ್ತು ಪೆಟ್ರೋಲ್ ಎರಡನ್ನೂ ಬಂದ್ ಮಾಡಿ, ಗೇಜ್ ಮುಳ್ಳು ಏಳುವವರೆಗೆ ಬಿಟ್ಟು ಬಿಟ್ಟು ಸ್ಟಾರ್ಟರ್ ತಿರುಗಿಸಿ. ಆಮೇಲೆ ಪ್ಲಗ್ ಎಲ್ಲ ವಾಪಸ್ ಹಾಕಿ, ಸ್ಟಾರ್ಟ್ ಮಾಡಿ ಒಂದೆರಡು ನಿಮಿಷ ಓಡಿಸಿ, ಟಾರ್ಚ್ ಹಿಡಿದು ಹದಿನಾಲ್ಕು ಜಾಗವನ್ನೂ ಕೈಯಿಂದ ಮುಟ್ಟಿ ನೋಡಿ. ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆಯಿರಿ, ಎಷ್ಟು ಕಡಿಮೆ ತೋರಿಸುತ್ತದೋ ಅಷ್ಟೇ ಹಾಕಿ. ಮೊದಲ ಸಲ ರಸ್ತೆಗೆ ಇಳಿಸಿ ಬಂದ ಮೇಲೆ ಇನ್ನೊಮ್ಮೆ ಎಲ್ಲ ನಟ್ ನೋಡಿ. ನನ್ನ ಗಾಡಿಯಲ್ಲಿ ಆಗ ಎರಡು ಸಡಿಲವಾಗಿದ್ದವು.