ವೃತ್ತದ ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಪೈ, ಸುಮಾರು 3.14. ಮಾರ್ಚ್ 14ನ್ನು ‘ಪೈ ದಿನ’ ಅನ್ನುತ್ತಾರೆ. ನಾವು 14/3 ಎಂದು ಬರೆಯುವಾಗ ಅದು ನಮಗೆ ಹೇಗೆ ಹೊಂದುತ್ತದೆ?

ಆ ಲೆಕ್ಕ ಅಮೆರಿಕದ್ದು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಹಾಗಾಗಿ ಮಾರ್ಚ್ 14 ಅವರಿಗೆ 3/14, ಅಂದರೆ 3.14. ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ ವಿಜ್ಞಾನ ಸಂಗ್ರಹಾಲಯದಲ್ಲಿ ಭೌತವಿಜ್ಞಾನಿ ಲ್ಯಾರಿ ಶಾ 1988ರಲ್ಲಿ ಈ ಆಚರಣೆ ಶುರು ಮಾಡಿದರು. 2019ರಲ್ಲಿ ಯುನೆಸ್ಕೊ ಅದೇ ದಿನವನ್ನು ಅಂತಾರಾಷ್ಟ್ರೀಯ ಗಣಿತ ದಿನವೆಂದು ಘೋಷಿಸಿತು.

ದಿನ ಮೊದಲು ಬರೆಯುವ ನಮ್ಮಂಥವರಿಗೆ ಜುಲೈ 22 ಇದೆ: 22/7. ಶಾಲೆಯಲ್ಲಿ ವೃತ್ತದ ಲೆಕ್ಕಕ್ಕೆ ಬಳಸಿದ ಅದೇ ಭಿನ್ನರಾಶಿ. ಭಾಗಿಸಿ ನೋಡಿ, 3.142857 ಬರುತ್ತದೆ. ಪೈಯ ನಿಜವಾದ ಬೆಲೆ 3.14159... ಎಂದು ಮುಂದುವರಿಯುತ್ತದೆ. 22/7ರಲ್ಲಿ ಸುಮಾರು 0.0013ರಷ್ಟು ಹೆಚ್ಚು, 3.14ರಲ್ಲಿ ಸುಮಾರು 0.0016ರಷ್ಟು ಕಡಿಮೆ. ಪೈಗೆ ಹೆಚ್ಚು ಹತ್ತಿರ ಇರುವುದು ಜುಲೈ ದಿನವೇ! ನನ್ನ ಮತವೂ ಅದಕ್ಕೇ.

ಹಾಗಂತ ಮಾರ್ಚ್ 14 ಬರೀ ಅಮೆರಿಕದವರ ಹಟವಲ್ಲ. ದಿನಾಂಕ ಬರೆಯುವ ಅಂತಾರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8601 ಪ್ರಕಾರ ವರ್ಷ, ತಿಂಗಳು, ದಿನ ಎಂಬ ಕ್ರಮ. ಜಪಾನ್, ಚೀನಾಗಳಲ್ಲೂ ರೂಢಿ ಅದೇ. 2025-03-14 ಎಂದು ಬರೆದರೆ ಕೊನೆಯಲ್ಲಿ 03-14 ತಾನಾಗಿ ಸಿಗುತ್ತದೆ. ಕಂಪ್ಯೂಟರ್ ಕಡತಗಳಿಗೆ ಹೀಗೆ ಹೆಸರಿಟ್ಟರೆ ದಿನಾಂಕದ ಸರದಿಯಲ್ಲೇ ಸಾಲಾಗಿ ಕೂರುತ್ತವೆ, ನಾನಂತೂ ಹಾಗೇ ಮಾಡುವುದು.

ಮಕ್ಕಳಿಗೆ ಹೇಳುವಾಗ ಆರ್ಯಭಟನನ್ನೂ ನೆನೆಯಿರಿ. ನೂರನಾಲ್ಕನ್ನು ಎಂಟರಿಂದ ಗುಣಿಸಿ 62000 ಕೂಡಿಸಿದರೆ, 20000 ವ್ಯಾಸದ ವೃತ್ತಕ್ಕೆ ಪರಿಧಿ ಸಿಗುತ್ತದೆ ಎಂದ: 62832. ಭಾಗಿಸಿದರೆ 3.1416. ಅದನ್ನೂ ‘ಆಸನ್ನ’, ಅಂದರೆ ಹತ್ತಿರದ್ದು ಎಂದಷ್ಟೇ ಕರೆದ.